ನೆಲವು ಯಾರದು?



ಅಬ್ರಹಾಮನು ತನ್ನ ಪತ್ನಿಯಾದ ಸಾರಳನ್ನು ಸಮಾಧಿಮಾಡುವದಕ್ಕೆ ಒಂದು ಮಾರು ನೆಲವಿಲ್ಲದೆ ಹೆಬ್ರೋನಿನಲ್ಲಿ ನಿಂತ ಸಂಗತಿಯನ್ನು ಆದಿಕಾಂಡದ 23ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ. ಆ ದೇಶವನ್ನು ಆತನ ಸಂತತಿಗೆ ಕೊಡುವೆನೆಂದು ದೇವರು ಅದಕ್ಕೆ ಬಹು ಮುಂಚೆಯೇ ವಾಗ್ದಾನಮಾಡಿದ್ದನು. ಆದಾಗ್ಯೂ ಆತನು ಆ ವಾಗ್ದಾನವನ್ನೇ ಪಟ್ಟೆಯಾಗಿ ಹಿಡಿದುಕೊಂಡು ಹಿತ್ತಿಯರ ಹೊಲದೊಳಗೆ ಕಾಲಿಡಲಿಲ್ಲ. ಊರಬಾಗಲಲ್ಲಿ ಕೂತಿದ್ದವರ ಮುಂದೆ ಎದ್ದು ತಲೆಬಾಗಿ, ತಾನು ಅವರ ನಡುವೆ ಪರದೇಶಿಯೆಂದು ಒಪ್ಪಿಕೊಂಡನು. ಎಫ್ರೋನನು ಉಪಚಾರಕ್ಕಾಗಿ ಸುಮ್ಮನೆ ಕೊಡುತ್ತೇನೆಂದು ಹೇಳಿದರೂ ಅದನ್ನು ಸ್ವೀಕರಿಸದೆ, ನಾನೂರು ಶೆಕೆಲ್ ಬೆಳ್ಳಿಯನ್ನು ಎಲ್ಲರ ಕಣ್ಣೆದುರಿನಲ್ಲಿ ತೂಗಿಕೊಟ್ಟು, ಮಕ್ಪೇಲದ ಗವಿಯನ್ನೂ ಹೊಲವನ್ನೂ ಅದರ ಎಲ್ಲೆಯೊಳಗಿನ ಮರಗಳನ್ನೂ ಕ್ರಯಕ್ಕೆ ತೆಗೆದುಕೊಂಡನು. ದೇವರು ಕೊಟ್ಟದ್ದನ್ನೂ ಮನುಷ್ಯರಿಂದ ಕೇಳಿ ಪಡೆಯಬೇಕೆಂದು ಆ ವೃದ್ಧನಿಗೆ ಯಾರು ಕಲಿಸಿದರೋ ನಾವು ಅರಿಯೆವು.

ಈ ಹಳೆಯ ವೃತ್ತಾಂತವನ್ನು ಈಗ ಎತ್ತಿಕೊಳ್ಳುವದಕ್ಕೆ ಕಾರಣವುಂಟು. ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಇರುವ ಹಳ್ಳಿಗಳಲ್ಲಿ ರಾಗಿಯ ಹೊಲವು ನಿವೇಶನವಾಗುತ್ತಿದೆ. ನಮ್ಮ ಸಭೆಗಳಲ್ಲಿ ಹೊಲವನ್ನು ಮಾರಿದವರು ಇದ್ದಾರೆ, ನಿವೇಶನವನ್ನು ಕೊಂಡವರೂ ಇದ್ದಾರೆ. ಮಾರುವದಕ್ಕೆ ಹೊಲವೂ ಕೊಳ್ಳುವದಕ್ಕೆ ಹಣವೂ ಇಲ್ಲದೆ, ಪರರ ಹೊಲದಲ್ಲಿ ಕಳೆ ಕಿತ್ತು ಪೈರು ಕುಯ್ದು ಜೀವಿಸಿ, ಈಗ ಆ ಹೊಲವೂ ಇಲ್ಲದೆ ನಿಂತವರೂ ಇದ್ದಾರೆ. ಭಾನುವಾರದಂದು ಈ ಮೂವರೂ ಒಂದೇ ಛಾವಣಿಯ ಕೆಳಗೆ ಕೂತು ಒಂದೇ ರೊಟ್ಟಿಯಲ್ಲಿ ಪಾಲುಗಾರರಾಗುತ್ತಾರೆ. ಆದಕಾರಣ ಈ ಪ್ರಶ್ನೆಯನ್ನು ಕೇಳದೆ ಇರಲಾಗದು: ಕಾಗದವುಳ್ಳವನಿಗೆ ನ್ಯಾಯವಾದ ಕ್ರಯವನ್ನು ಸಲ್ಲಿಸಿದ ಮೇಲೆ, ಅದೇ ನೆಲದ ಮೇಲೆ ಕಾಗದವಿಲ್ಲದೆ ಬದುಕಿದವನಿಗೆ ನಾವು ಸಲ್ಲಿಸಬೇಕಾದದ್ದೇನಾದರೂ ಉಳಿದಿರುವದೋ? ನೋಂದಣಿಯ ಕಚೇರಿಯಲ್ಲಿ ಇದನ್ನು ಯಾರೂ ಕೇಳುವದಿಲ್ಲ. ದೇವಾಲಯದಲ್ಲಿ ಕೇಳಬಹುದೆಂದು ನೆನಸುತ್ತೇವೆ.

ಈ ಪ್ರಶ್ನೆಯನ್ನು ನಮಗಿಂತ ಮುಂಚೆ ಎದುರಿಸಿದ ಒಂದು ಜನವುಂಟು. ಅವರು ನಮ್ಮ ಹಾಗೆಯೇ ಸುಧಾರಿತ ಮತದವರು, ಸತ್ಯವೇದವನ್ನು ದಿನವೂ ಓದುತ್ತಿದ್ದವರು, ಆತ್ಮಸಾಕ್ಷಿಯ ನಿಮಿತ್ತವೇ ಸ್ವದೇಶವನ್ನು ಬಿಟ್ಟು ಸಮುದ್ರವನ್ನು ದಾಟಿದವರು. ಅಮೇರಿಕದ ಪೂರ್ವತೀರದಲ್ಲಿ ವಸಾಹತುಗಳನ್ನು ಕಟ್ಟಿದ ಇಂಗ್ಲಿಷರ ಮಾತನ್ನೇ ನಾವು ಹೇಳುತ್ತಿದ್ದೇವೆ. ಅವರು ದುಷ್ಟರಾಗಿದ್ದರೆ ಅವರ ಕಥೆಯಿಂದ ನಮಗೆ ಪ್ರಯೋಜನವಾಗುತ್ತಿರಲಿಲ್ಲ. ಅವರಲ್ಲಿ ಬಹುಮಂದಿ ಭಕ್ತರಾಗಿದ್ದರು. ಭಯವು ಇರುವದೇ ಅಲ್ಲಿ.

ಆ ಖಂಡವು ಬರಿದಾಗಿರಲಿಲ್ಲ. ಏಷ್ಯಾದ ಈಶಾನ್ಯ ತುದಿಯಿಂದ ಹದಿನೈದು ಸಾವಿರ ವರ್ಷಗಳಿಗೂ ಹಿಂದೆ ಹೋದ ಜನರು ಅದರ ಉದ್ದಗಲಕ್ಕೂ ಹರಡಿ, ನೂರಾರು ಭಾಷೆಗಳನ್ನಾಡುತ್ತಾ, ಬೇಸಾಯಮಾಡುತ್ತಾ, ಬೇಟೆಯಾಡುತ್ತಾ, ಕೆಲವು ಕಡೆಗಳಲ್ಲಿ ದೊಡ್ಡ ಪಟ್ಟಣಗಳನ್ನೂ ಕಟ್ಟಿಕೊಂಡು ಇದ್ದರು. 1492ರಲ್ಲಿ ಕೊಲಂಬಸನು ಅಲ್ಲಿ ಇಳಿದು, ತಾನು ನಮ್ಮ ಕಡೆಯ ದೇಶಗಳಿಗೆ ಬಂದೆನೆಂದು ತಿಳಿದು, ನಮ್ಮ ಹೆಸರನ್ನು ಅವರಿಗೆ ಇಟ್ಟುಬಿಟ್ಟನು; ಅವರ ಸಂತತಿಯವರನ್ನು ಇಂದಿಗೂ ಅನೇಕರು ಇಂಡಿಯನರೆಂದೇ ಕರೆಯುತ್ತಾರೆ. ಹೆಸರು ನಮ್ಮಿಂದ ಅವರಿಗೆ ಹೋಯಿತು. ಅವರಿಂದ ನಮಗೆ ಬಂದದ್ದು ಬಹಳ. ನಮ್ಮ ಸಾರಿಗೆ ಹಾಕುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಮುಸುಕಿನ ಜೋಳ, ಸೀಬೆ, ಪರಂಗಿ, ಇವೆಲ್ಲವನ್ನೂ ಮೊದಲು ಬೆಳೆದವರು ಅವರೇ. ಬಸವನಗುಡಿಯ ಪರಿಷೆಯಲ್ಲಿ ರಾಶಿ ಹಾಕುವ ಕಡಲೆಕಾಯಿಯೂ ಅವರ ಕೈಯ ಬೆಳೆಯೇ.

ಇಂಗ್ಲಿಷರು 1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದರು. ಅಲ್ಲಿಯ ಕಥೆ ಹೊಗೆಸೊಪ್ಪಿನದು, ಲಾಭದ್ದು. ಅದನ್ನು ಇಲ್ಲಿ ವಿವರಿಸುವದಿಲ್ಲ. 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಬಂದ 102 ಮಂದಿಯ ಕಥೆ ಬೇರೆ. ಅವರು ಪ್ಲಿಮತ್ ಎಂದು ಹೆಸರಿಟ್ಟ ಸ್ಥಳದಲ್ಲಿ ಹೊಲಗಳು ಆಗಲೇ ಹಸನಾಗಿದ್ದವು, ಮರಗಳು ಕಡಿಯಲ್ಪಟ್ಟಿದ್ದವು, ಆದರೆ ಒಬ್ಬ ಮನುಷ್ಯನೂ ಕಾಣಲಿಲ್ಲ. ಪಟುಕ್ಸೆಟ್ ಎಂಬ ಊರು ಅದಾಗಿತ್ತು. 1616ರಿಂದ 1619ರ ವರೆಗೆ ಆ ತೀರದಲ್ಲಿ ಹಬ್ಬಿದ ಮಹಾವ್ಯಾಧಿಯಿಂದ ಊರಿಗೆ ಊರೇ ಸತ್ತುಹೋಗಿತ್ತು. ಆ ವ್ಯಾಧಿಯು ಯೂರೋಪಿನ ಹಡಗುಗಳ ಸಂಗಡ ಬಂದದ್ದೆಂಬದು ವಿದ್ವಾಂಸರ ಅಭಿಪ್ರಾಯ. ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಮೊದಲನೆಯ ಚಳಿಗಾಲದಲ್ಲಿಯೇ ತೀರಿಕೊಂಡರು. ಉಳಿದವರಿಗೆ ಜೋಳವನ್ನು ಬಿತ್ತುವ ಬಗೆಯನ್ನೂ ಮೀನನ್ನು ಗೊಬ್ಬರವಾಗಿ ಹೂಳುವ ಬಗೆಯನ್ನೂ ತೋರಿಸಿಕೊಟ್ಟವನು ಟಿಸ್ಕ್ವಾಂಟಮ್. ಇವನು ಅದೇ ಪಟುಕ್ಸೆಟ್ ಊರಿನವನು. 1614ರಲ್ಲಿ ಒಬ್ಬ ಇಂಗ್ಲಿಷ್ ನಾವಿಕನು ಇವನನ್ನು ಮೋಸದಿಂದ ಹಿಡಿದುಕೊಂಡು ಹೋಗಿ ಸ್ಪೇನಿನಲ್ಲಿ ದಾಸತ್ವಕ್ಕೆ ಮಾರಿದ್ದನು. ಅಲ್ಲಿಂದ ತಪ್ಪಿಸಿಕೊಂಡು ಲಂಡನಿಗೆ ಬಂದು, 1619ರಲ್ಲಿ ಊರಿಗೆ ಮರಳಿದಾಗ ಊರಿನಲ್ಲಿ ಜೀವದಿಂದ ಇದ್ದವನು ಒಬ್ಬನೂ ಇರಲಿಲ್ಲ. ತನ್ನ ಬಂಧುಗಳು ಸತ್ತ ಹೊಲದಲ್ಲಿ ನಿಂತು, ತನ್ನನ್ನು ಮಾರಿದ ಜನಾಂಗದವರಿಗೇ ಬಿತ್ತನೆಯನ್ನು ಕಲಿಸಿದ ಈ ಮನುಷ್ಯನ ಮನಸ್ಸಿನಲ್ಲಿ ಏನಿತ್ತೆಂದು ಹೇಳುವವರಿಲ್ಲ. ಬಂದವರು ಮಾತ್ರ ಇದನ್ನು ದೇವರ ಏರ್ಪಾಡೆಂದು ಸ್ತೋತ್ರಮಾಡಿದರು. ಸ್ತೋತ್ರಮಾಡಿದ್ದು ತಪ್ಪಲ್ಲ. ಇನ್ನೊಬ್ಬನ ಮನೆಯಲ್ಲಿ ಸಾವು ಬಿದ್ದದ್ದರಿಂದ ನಮಗೆ ಬಾಗಲು ತೆರೆಯಿತೆಂದು ಸ್ತೋತ್ರಮಾಡುವಾಗ ಧ್ವನಿಯನ್ನು ಸ್ವಲ್ಪ ತಗ್ಗಿಸಬೇಕಾಗಿತ್ತು.

ಅನಂತರ 1629ರಲ್ಲಿ ಮಸಾಚುಸೆಟ್ಸ್ ವಸಾಹತಿಗೆ ಅರಸನ ಸನ್ನದು ಸಿಕ್ಕಿತು. ಆ ವಸಾಹತಿನ ಮುದ್ರೆಯಲ್ಲಿ ಬಿಲ್ಲುಬಾಣ ಹಿಡಿದ ಒಬ್ಬ ಮೂಲನಿವಾಸಿಯ ಚಿತ್ರವಿದ್ದು, ಅಪೊಸ್ತಲನಾದ ಪೌಲನನ್ನು ಮಕೆದೋನ್ಯದ ಮನುಷ್ಯನು ಸಹಾಯಕ್ಕೆ ಕರೆದ ಮಾತನ್ನೇ ಅವನ ಬಾಯಲ್ಲಿ ಇಟ್ಟಿದ್ದರು. ಅವನು ಹಾಗೆ ಕರೆದಿರಲಿಲ್ಲ. ಅಲ್ಲಿಯ ಅಧಿಪತಿಯಾದ ಜಾನ್ ವಿಂತ್ರಪ್ ಎಂಬವನು ಭಕ್ತಿವಂತನೂ ನ್ಯಾಯಶಾಸ್ತ್ರವನ್ನು ಬಲ್ಲವನೂ ಆಗಿದ್ದನು. ಅವನ ವಾದವೇನಂದರೆ, ಈ ಜನರು ಭೂಮಿಗೆ ಬೇಲಿ ಕಟ್ಟುವದಿಲ್ಲ, ಒಂದೇ ಸ್ಥಳದಲ್ಲಿ ಸ್ಥಿರವಾಗಿ ನಿಲ್ಲುವದಿಲ್ಲ, ದನಗಳನ್ನು ಸಾಕಿ ನೆಲವನ್ನು ಸುಧಾರಿಸುವದಿಲ್ಲ. ಆದಕಾರಣ ಅವರಿಗೆ ಸಾಕಾಗುವಷ್ಟನ್ನು ಬಿಟ್ಟು ಉಳಿದದ್ದನ್ನು ನಾವು ತೆಗೆದುಕೊಳ್ಳಬಹುದು. ನಿಜಸಂಗತಿಯೋ ಹೀಗಿತ್ತು: ಅವರ ಹೆಂಗಸರು ಜೋಳ, ಅವರೆ, ಕುಂಬಳವನ್ನು ಕೂಡಿಸಿ ಬೆಳೆಯುತ್ತಿದ್ದರು, ಬೇಸಿಗೆಯಲ್ಲಿ ಸಮುದ್ರದ ಬಳಿ, ಚಳಿಗಾಲದಲ್ಲಿ ಅಡವಿಯ ಮರೆಯಲ್ಲಿ ವಾಸಮಾಡುತ್ತಿದ್ದರು, ಯಾವ ಕುಲಕ್ಕೆ ಯಾವ ಹೊಳೆಯ ವರೆಗೆ ಎಲ್ಲೆ ಎಂಬದು ಅವರಿಗೆ ಚೆನ್ನಾಗಿ ತಿಳಿದಿತ್ತು. ಬೇಲಿ ಒಂದು ಇರಲಿಲ್ಲ. ಅವರ ಹತ್ತರ ಬೇಲಿ ಮುರಿಯುವ ದನಗಳಿರಲಿಲ್ಲವಾದ್ದರಿಂದ ಅದು ಬೇಕಾಗಿರಲಿಲ್ಲ. ದನಗಳೂ ಹಂದಿಗಳೂ ಇಂಗ್ಲಿಷರ ಸಂಗಡ ಬಂದವು, ಬಂದು ಆ ಜೋಳವನ್ನು ತುಳಿದವು. ಅನೇಕ ಕಡೆಗಳಲ್ಲಿ ಕ್ರಯಪತ್ರಗಳೂ ಬರೆಯಲ್ಪಟ್ಟವು, ಅದನ್ನು ಮುಚ್ಚಬಾರದು. ಆದರೆ ಗುರುತು ಹಾಕಿಕೊಟ್ಟವನು, ಇವರೂ ನಮ್ಮ ಜೊತೆಯಲ್ಲಿ ಈ ನೆಲವನ್ನು ಅನುಭವಿಸಲಿ ಎಂದು ತಿಳಿದು ಕೊಟ್ಟನು. ಬರೆಯಿಸಿಕೊಂಡವನು, ಇನ್ನು ಇವನು ಇಲ್ಲಿ ಕಾಲಿಡಕೂಡದು ಎಂದು ತಿಳಿದು ತೆಗೆದುಕೊಂಡನು. ಒಂದೇ ಪತ್ರ, ಎರಡು ಅರ್ಥ.

ಇದನ್ನು ಆ ಕಾಲದಲ್ಲಿಯೇ ಗಟ್ಟಿಯಾಗಿ ಹೇಳಿದವನು ರೋಜರ್ ವಿಲಿಯಮ್ಸ್ ಎಂಬ ಬೋಧಕನು. ತನ್ನದಲ್ಲದ ನೆಲವನ್ನು ಅರಸನು ಸನ್ನದಿನಿಂದ ಕೊಡಲಾರನು, ಅಲ್ಲಿಯ ನಿವಾಸಿಗಳಿಂದ ಕೊಂಡುಕೊಂಡರೆ ಮಾತ್ರ ಅದು ನಮ್ಮದಾಗುವದು ಎಂದು ಅವನು ಬೋಧಿಸಿದನು. 1635ರಲ್ಲಿ ಅವನಿಗೆ ಗಡೀಪಾರಿನ ಶಿಕ್ಷೆಯಾಯಿತು. ಈ ಬೋಧನೆಯು ಅದಕ್ಕೆ ಕಾರಣಗಳಲ್ಲಿ ಒಂದು. ಚಳಿಗಾಲದ ಹಿಮದಲ್ಲಿ ಓಡಿಹೋದ ಅವನಿಗೆ ಆಶ್ರಯ ಕೊಟ್ಟವರು ಮೂಲನಿವಾಸಿಗಳೇ. 1636ರಲ್ಲಿ ನರಗಾನ್ಸೆಟ್ ಕುಲದ ಒಡೆಯರಿಂದ ನೆಲವನ್ನು ಪಡೆದು ಪ್ರಾವಿಡೆನ್ಸ್ ಎಂಬ ಊರನ್ನು ಕಟ್ಟಿದನು, ಅವರ ಭಾಷೆಯನ್ನು ಕಲಿತು 1643ರಲ್ಲಿ ಅದರ ಕುರಿತು ಪುಸ್ತಕವನ್ನು ಅಚ್ಚುಹಾಕಿಸಿದನು. ಈತನ ವಸಾಹತಿನಲ್ಲಿಯೂ ಕಡೆಗೆ ಯುದ್ಧವು ಬಂತು. ಒಬ್ಬನ ನೀತಿಯು ಸಮುದಾಯದ ಲೋಭವನ್ನು ಬಹುಕಾಲ ತಡೆಯಲಾರದೆಂಬದು ಇದರಿಂದ ಕಾಣುವದು.

ನಮ್ಮ ವಾಚಕರ ಮನಸ್ಸಿಗೆ ಇನ್ನೂ ಹತ್ತರವಾದವನು ಜಾನ್ ಎಲಿಯಟ್. ರಾಕ್ಸ್‌ಬರಿಯ ಸಭಾಪಾಲಕನಾಗಿದ್ದ ಈತನು 1646ರಲ್ಲಿ ಮೂಲನಿವಾಸಿಗಳಿಗೆ ಅವರ ಭಾಷೆಯಲ್ಲಿಯೇ ಸುವಾರ್ತೆಯನ್ನು ಸಾರುವದಕ್ಕೆ ತೊಡಗಿದನು. 1651ರಲ್ಲಿ ನಾಟಿಕ್ ಎಂಬ ಕ್ರೈಸ್ತ ಗ್ರಾಮವನ್ನು ಸ್ಥಾಪಿಸಿದನು. 1674ರೊಳಗೆ ಅಂಥ ಹದಿನಾಲ್ಕು ಗ್ರಾಮಗಳಾದವು. 1661ರಲ್ಲಿ ಹೊಸ ಒಡಂಬಡಿಕೆಯೂ 1663ರಲ್ಲಿ ಸಂಪೂರ್ಣ ಸತ್ಯವೇದವೂ ಆ ಭಾಷೆಯಲ್ಲಿ ಅಚ್ಚಾದವು. ಅಮೇರಿಕದಲ್ಲಿ ಮುದ್ರಿತವಾದ ಮೊತ್ತಮೊದಲನೆಯ ಸತ್ಯವೇದವು ಇಂಗ್ಲಿಷಿನದಲ್ಲ, ಅದೇ. ಅಚ್ಚುಕೂಟದಲ್ಲಿ ಅಕ್ಷರ ಜೋಡಿಸಿದವರಲ್ಲಿ ನಿಪ್ಮಕ್ ಕುಲದ ಒಬ್ಬ ಯುವಕನೂ ಇದ್ದನು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ದೊರೆಗಳು ನಮ್ಮ ಕನ್ನಡದ ಸತ್ಯವೇದಕ್ಕಾಗಿ ಪಟ್ಟ ಶ್ರಮವನ್ನು ಬಲ್ಲವರಿಗೆ ಎಲಿಯಟನ ಶ್ರಮವು ಎಂಥದೆಂದು ಹೇಳಬೇಕಾದದ್ದಿಲ್ಲ.

ಆದರೆ 1675ರಲ್ಲಿ ವಾಂಪನೋಗ್ ಒಡೆಯನಾದ ಮೆಟಕಾಮನಿಗೂ ಇಂಗ್ಲಿಷರಿಗೂ ಯುದ್ಧವು ಹತ್ತಿತು. ಕಾರಣಗಳಲ್ಲಿ ಮುಖ್ಯವಾದದ್ದು ನೆಲವೇ. ನಾಟಿಕಿನ ಕ್ರೈಸ್ತರು ಇಂಗ್ಲಿಷರ ಮೇಲೆ ಕೈಯೆತ್ತಿರಲಿಲ್ಲ. ಆದರೂ ಅವರ ಬಣ್ಣವನ್ನು ನೋಡಿ ಜನರು ಭಯಪಟ್ಟರು; ಅಕ್ಟೋಬರಿನಲ್ಲಿ ಅವರನ್ನು ದೋಣಿಗಳಲ್ಲಿ ತುಂಬಿ ಬಾಸ್ಟನ್ ರೇವಿನಲ್ಲಿರುವ ಡಿಯರ್ ದ್ವೀಪಕ್ಕೆ ಸಾಗಿಸಿದರು. ಚಳಿಗಾಲವೆಲ್ಲಾ ಆ ಗಾಳಿಯ ದ್ವೀಪದಲ್ಲಿ ಸಾಕಷ್ಟು ಆಹಾರವೂ ಸೌದೆಯೂ ಇಲ್ಲದೆ ಅವರಲ್ಲಿ ಅನೇಕರು ಸತ್ತರು. ಎಲಿಯಟನು ಮುಪ್ಪಿನಲ್ಲಿಯೂ ಅಲ್ಲಿಗೆ ಹೋಗಿ ಅವರನ್ನು ಸಂತೈಸಿದನು. ಸೆರೆಸಿಕ್ಕವರನ್ನು ದಾಸತ್ವಕ್ಕೆ ಮಾರಬಾರದೆಂದು ಅಧಿಕಾರಿಗಳಿಗೆ ಬರೆದನು. ಅವರು ಕೇಳಲಿಲ್ಲ. ಆ ಯುದ್ಧದಲ್ಲಿ ಅವನ ಸತ್ಯವೇದದ ಪ್ರತಿಗಳಲ್ಲಿ ಬಹಳವು ನಾಶವಾದವು. 1685ರಲ್ಲಿ ಎರಡನೆಯ ಮುದ್ರಣವಾಯಿತು. ಓದುವವರು ಮಾತ್ರ ಕಡಿಮೆಯಾಗುತ್ತಾ ಹೋದರು.

ಇದಕ್ಕಿಂತ ಮೆಲ್ಲಗೆ ನಡೆದ ಇನ್ನೊಂದು ಸಂಗತಿಯನ್ನು ನಮ್ಮ ಹಳ್ಳಿಯ ಸಭೆಗಳು ವಿಶೇಷವಾಗಿ ಕೇಳಬೇಕು. ಮೂಲನಿವಾಸಿಗಳಿಂದ ಯಾರೂ ಸರಕಾರದ ಅಪ್ಪಣೆಯಿಲ್ಲದೆ ನೆಲವನ್ನು ಕೊಳ್ಳಬಾರದೆಂದು ಮಸಾಚುಸೆಟ್ಸಿನಲ್ಲಿ 1634ರಲ್ಲಿಯೇ ಕಟ್ಟಳೆಯಾಗಿತ್ತು. ಕಟ್ಟಳೆಯು ಒಳ್ಳೆಯದು. ಆದರೆ ಹದಿನೆಂಟನೆಯ ಶತಮಾನದಲ್ಲಿ ನಾಟಿಕಿನವರು ಒಬ್ಬೊಬ್ಬರಾಗಿ, ಈಗ ವೈದ್ಯನ ಸಾಲಕ್ಕೆ, ಈಗ ಅಂಗಡಿಯ ಸಾಲಕ್ಕೆ, ಈಗ ಮುದುಕಿಯ ಪೋಷಣೆಗೆ, ಸ್ವಲ್ಪ ಸ್ವಲ್ಪ ನೆಲವನ್ನು ಮಾರುವದಕ್ಕೆ ಅಪ್ಪಣೆಯನ್ನು ಬೇಡಿದರು, ಅಪ್ಪಣೆಯೂ ಸಿಕ್ಕುತ್ತಾ ಹೋಯಿತು. ಯಾರೂ ಕತ್ತಿಯನ್ನು ಹಿರಿಯಲಿಲ್ಲ. ಎಲ್ಲವೂ ಕಾಯಿದೆಯ ಪ್ರಕಾರವೇ ನಡೆದು, ಶತಮಾನದ ಕೊನೆಯೊಳಗೆ ನಾಟಿಕ್ ಇಂಗ್ಲಿಷರ ಊರಾಯಿತು. ಎಲಿಯಟನ ಸತ್ಯವೇದದ ಭಾಷೆಯನ್ನಾಡುವವರೂ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲದೆ ಹೋದರು. ಬಹುಕಾಲದ ಮೇಲೆ, 1993ರಲ್ಲಿ, ಆ ಜನಾಂಗದ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಸ್ತ್ರೀಯೂ ಅವರ ಸಂಗಡಿಗರೂ ಆ ಹಳೆಯ ಸತ್ಯವೇದದಿಂದಲೂ ಹಳೆಯ ಪತ್ರಗಳಿಂದಲೂ ಭಾಷೆಯನ್ನು ಪುನಃ ಕಲಿತು ಮಕ್ಕಳಿಗೆ ಕಲಿಸುವದಕ್ಕೆ ತೊಡಗಿದರು. ಹೀಗೆ ಎಲಿಯಟನ ಕೆಲಸವು ವ್ಯರ್ಥವಾಗಲಿಲ್ಲ. ಆದರೂ ಒಂದು ಕೈಯಿಂದ ಪುಸ್ತಕವನ್ನು ಕೊಟ್ಟು ಇನ್ನೊಂದು ಕೈಯಿಂದ ಹೊಲವನ್ನು ತೆಗೆದುಕೊಂಡರೆ ಪುಸ್ತಕವನ್ನು ಓದುವವನು ಎಲ್ಲಿ ಕೂತು ಓದಬೇಕು?

ಆ ದೇಶಕ್ಕೂ ನಮ್ಮ ಊರಿಗೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ವಿಚಿತ್ರವಾದ ನಂಟನ್ನು ತೋರಿಸಬಹುದು. 1781ನೆಯ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಇಂಗ್ಲಿಷರ ಸೈನ್ಯವು ಶರಣಾದಾಗ ಅದರ ಸೇನಾಪತಿಯಾಗಿದ್ದವನು ಕಾರ್ನ್‌ವಾಲಿಸ್. ಅಮೇರಿಕದ ವಸಾಹತುಗಳು ಇಂಗ್ಲೆಂಡಿನ ಕೈತಪ್ಪಿದ್ದು ಆ ಸೋಲಿನಿಂದಲೇ. ಅದೇ ಕಾರ್ನ್‌ವಾಲಿಸನು ಹತ್ತು ವರ್ಷಗಳೊಳಗೆ, 1791ನೆಯ ಮಾರ್ಚ್ 21ರ ರಾತ್ರಿ, ನಮ್ಮ ಬೆಂಗಳೂರಿನ ಕೋಟೆಯನ್ನು ಹಿಡಿದನು. 1793ರಲ್ಲಿ ಬಂಗಾಳದಲ್ಲಿ ಅವನು ಮಾಡಿದ ಶಾಶ್ವತ ಕಂದಾಯದ ಏರ್ಪಾಡಿನಿಂದ ಕಾಗದವುಳ್ಳ ಜಮೀನ್ದಾರನು ಒಡೆಯನಾದನು, ಉತ್ತವನು ಒಕ್ಕಲಾಗಿಯೇ ಉಳಿದನು.

ಈಗ ನಮ್ಮ ಪಶ್ಚಿಮದ ಹಳ್ಳಿಗಳಿಗೆ ಬರೋಣ. ರಾಜಾಜಿನಗರವೆಂಬದು 1949ರಲ್ಲಿ ಕೈಗಾರಿಕೆಯ ಉಪನಗರವಾಗಿ ಹುಟ್ಟಿತು. ಆಗ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರು ಅದಕ್ಕೆ ಬಂತು. ಆ ನೆಲವು ಅದಕ್ಕೆ ಮುಂಚೆ ಕೇತಮಾರನಹಳ್ಳಿ ಮೊದಲಾದ ಹಳ್ಳಿಗಳದು. ಅನಂತರ ವಿಜಯನಗರ, ಬಸವೇಶ್ವರನಗರಗಳು ಬೆಳೆದು, ಅತ್ತಿಗುಪ್ಪೆ, ಹೊಸಹಳ್ಳಿ, ಮಾರೇನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ ಇವುಗಳ ಹೊಲ ಗದ್ದೆ ತೋಟಗಳನ್ನು ಮುಚ್ಚಿದವು. ಇಂದು ಆ ಬೀದಿಗಳಲ್ಲಿ ನಡೆಯುವವನು, ಅಳತೆಯಿಟ್ಟು ಗೆರೆ ಎಳೆದಂತಿರುವ ಅಡ್ಡರಸ್ತೆಗಳ ನಡುವೆ ಥಟ್ಟನೆ ಸೊಟ್ಟಗಿನ ಓಣಿಯೊಂದನ್ನೂ ಒಂದು ಮಾರಮ್ಮನ ಗುಡಿಯನ್ನೂ ಅರಳಿಕಟ್ಟೆಯನ್ನೂ ಕಂಡರೆ, ಹಳೆಯ ಊರು ಅಲ್ಲಿಯೇ ಇದೆಯೆಂದು ತಿಳಿಯಬೇಕು. ಊರು ಉಳಿಯಿತು, ಹೊಲ ಹೋಯಿತು. ಕೇತಮಾರನಹಳ್ಳಿಯ ಕೆರೆಯೂ ಹೋಯಿತು. ಮಸಾಚುಸೆಟ್ಸ್, ಕನೆಕ್ಟಿಕಟ್ ಎಂಬ ಹೆಸರುಗಳು ಮೂಲನಿವಾಸಿಗಳ ಮಾತುಗಳೇ. ಜನರನ್ನು ಕಳಕೊಂಡ ಮೇಲೂ ನೆಲವು ಹೆಸರನ್ನು ಬಿಡುವದಿಲ್ಲವೆಂದು ಕಾಣುತ್ತದೆ. ನಮ್ಮ ಬಸ್ಸಿನ ಹಲಗೆಗಳ ಮೇಲೆಯೂ ಹಾಗೆಯೇ ಹಳ್ಳಿಗಳು ಬದುಕಿಕೊಂಡಿವೆ.

ಕೆಂಗೇರಿಯ ಆಚೆಯಲ್ಲಿ ಇದೇ ಕಾರ್ಯವು ನಮ್ಮ ಕಣ್ಣ ಮುಂದೆ ನಡೆಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವರು ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ ಸೂಲಿಕೆರೆ, ಕೊಮ್ಮಘಟ್ಟ, ರಾಮಸಂದ್ರ, ಭೀಮನಕುಪ್ಪೆ, ಚಲ್ಲಘಟ್ಟ ಮೊದಲಾದ ಹನ್ನೆರಡು ಹಳ್ಳಿಗಳಲ್ಲಿ ನಾಲ್ಕು ಸಾವಿರ ಎಕರೆಗಿಂತ ಹೆಚ್ಚಾದ ನೆಲವನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವ ಅಂತಿಮ ಪ್ರಕಟಣೆಯನ್ನು 2010ರಲ್ಲಿ ಹೊರಡಿಸಿದರು. ಹೊಲದವನಿಗೆ ಹಣವನ್ನಾಗಲಿ, ಹಣಕ್ಕೆ ಬದಲಾಗಿ ಅಭಿವೃದ್ಧಿಮಾಡಿದ ನೆಲದಲ್ಲಿ ಒಂದು ಪಾಲನ್ನಾಗಲಿ ಕೊಡುವ ಏರ್ಪಾಡಾಯಿತು. ಇದನ್ನು ಮಸಾಚುಸೆಟ್ಸಿನ ಅನ್ಯಾಯದೊಂದಿಗೆ ಸಮವೆಂದು ನಾವು ಹೇಳುವದಿಲ್ಲ; ಹಾಗೆ ಹೇಳುವದು ಸುಳ್ಳಾಗುವದು. ಪಟ್ಟಣಕ್ಕೆ ಮನೆಗಳು ಬೇಕು. ಮನೆಯಿಲ್ಲದ ಗುಮಾಸ್ತನೂ ಗಿರಣಿಯ ಕೆಲಸದವನೂ ಎಲ್ಲಿಗೆ ಹೋಗಬೇಕು? ಹೊಲದ ಒಡೆಯನಿಗೆ ಓಟುಂಟು, ವಕೀಲನುಂಟು. ಇದಲ್ಲದೆ ನಮ್ಮ ನಾಡಿನಲ್ಲಿ ಮೊದಲಿದ್ದವರು ಯಾರೆಂದು ಬೆರಳಿಟ್ಟು ತೋರಿಸುವದು ಸುಲಭವಲ್ಲ. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿದ ಕೆಂಪೇಗೌಡರ ಹಿರಿಯರೇ ಬೇರೆ ಸೀಮೆಯಿಂದ ವಲಸೆ ಬಂದವರೆಂದು ಪರಂಪರೆಯು ಹೇಳುವದು.

ಆದರೆ ಇಲ್ಲಿಯೂ ಒಂದು ಮೊದಲಿನ ಜನವುಂಟೆಂದು ನಮ್ಮ ಹಳ್ಳಿಗಳೇ ಸಾಕ್ಷಿ ಹೇಳುತ್ತಿದ್ದವು. ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಜೆ. ಎಸ್. ಎಫ್. ಮೆಕೆಂಜಿ ಎಂಬವರು 1873ರಲ್ಲಿ ಬರೆದಿಟ್ಟ ಸಂಗತಿಯೊಂದನ್ನು ಕೇಳಿರಿ. ಎರಡು ಊರುಗಳಿಗೆ ಎಲ್ಲೆಯ ವ್ಯಾಜ್ಯ ಬಿದ್ದಾಗ ಅದನ್ನು ತೀರಿಸುವವನು ಗೌಡನೂ ಅಲ್ಲ, ಶಾನುಭೋಗನೂ ಅಲ್ಲ. ಊರ ಹೊರಗಿನ ಕೇರಿಯವನಾದ ಕುಳವಾಡಿ. ಊರಿನ ಮಣ್ಣನ್ನು ಉಂಡೆಮಾಡಿ, ಅದರ ನಡುವೆ ಸ್ವಲ್ಪ ನೀರ್ನಿಟ್ಟು, ಅದನ್ನು ತಲೆಯ ಮೇಲೆ ಹೊತ್ತುಕೊಂಡು ಅವನು ಎಲ್ಲೆಯ ಮೇಲೆ ನಡೆಯುವನು. ಸರಿಯಾದ ಎಲ್ಲೆಯಲ್ಲಿ ನಡೆದರೆ ಉಂಡೆಯು ಗಟ್ಟಿಯಾಗಿ ನಿಲ್ಲುವದು, ತಪ್ಪಿ ನಡೆದರೆ ಒಡೆದು ಪುಡಿಯಾಗುವದು ಎಂದು ನಂಬಿಕೆ. ನಂಬಿಕೆಯು ಹೇಗಾದರೂ ಇರಲಿ. ಊರೊಳಗೆ ಕಾಲಿಡಲು ಬಿಡದೆ ಯಾವನನ್ನು ಹೊರಗಿಟ್ಟರೋ, ಊರು ಎಲ್ಲಿಂದ ಎಲ್ಲಿಯ ವರೆಗೆ ಎಂಬದಕ್ಕೆ ಅವನ ತಲೆಯೇ ಪ್ರಮಾಣವಾಗಿತ್ತೆಂಬದನ್ನು ನೋಡಿರಿ. ನೆಲವು ಮೊದಲು ಅವನದಾಗಿತ್ತೆಂಬ ಜ್ಞಾಪಕವು ಎಲ್ಲರ ಮನಸ್ಸಿನ ಅಡಿಯಲ್ಲಿ ಎಲ್ಲಿಯೋ ಉಳಿದಿರದಿದ್ದರೆ ಇದು ಹೇಗೆ ಬರುವದು? ಆ ಜನರಿಗೆ ಮೈಸೂರು ಸಂಸ್ಥಾನದಲ್ಲಿ ಹಿಂದಿನ ಹೀನವಾದ ಹೆಸರನ್ನು ಬಿಟ್ಟು ಆದಿಕರ್ನಾಟಕರೆಂಬ ಹೆಸರಾಯಿತು. 1931ರ ಜನಗಣತಿಯಲ್ಲಿ ಅವರನ್ನು ಹಾಗೆಯೇ ಬರೆದಿದ್ದಾರೆ. ಆದಿಯಿಂದ ಕರ್ನಾಟಕದಲ್ಲಿದ್ದವರು ಎಂದು ಅದರ ಅರ್ಥ. ಹೆಸರನ್ನು ಕೊಟ್ಟಷ್ಟು ಸುಲಭವಾಗಿ ಹೊಲವನ್ನು ಯಾರೂ ಕೊಡಲಿಲ್ಲ.

ನಮ್ಮ ಸಭೆಗಳಲ್ಲಿ ಬಹು ಕುಟುಂಬಗಳ ಹಿರಿಯರು ಆ ಕೇರಿಗಳಿಂದ ಬಂದವರೇ. ಆದಕಾರಣ ಈ ಮಾತು ನಮಗೆ ದೂರದ್ದಲ್ಲ.

ಸ್ವಾಧೀನದ ಪ್ರಕಟಣೆಯಲ್ಲಿ ಸರ್ವೆ ನಂಬರಿರುವದು, ಪಹಣಿಯಲ್ಲಿರುವವನ ಹೆಸರಿರುವದು. ಮೂವತ್ತು ವರ್ಷ ಅದೇ ಹೊಲದಲ್ಲಿ ನಾಟಿ ಹಾಕಿದವಳ ಹೆಸರು ಅಲ್ಲಿರದು. ಹೊಲದೊಡೆಯನಿಗೆ ಪರಿಹಾರ ಬಂದ ದಿನವೇ ಅವಳ ಕೂಲಿ ನಿಂತಿತು. 1894ರ ಭೂಸ್ವಾಧೀನದ ಕಾಯಿದೆಯು ಇಂಥವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದರ ಬದಲಾಗಿ ಬಂದು 2014ನೆಯ ಜನವರಿ 1ರಿಂದ ಜಾರಿಯಾದ 2013ರ ಕಾಯಿದೆಯು, ಮೂರು ವರ್ಷದಿಂದ ಆ ನೆಲವನ್ನೇ ನಂಬಿ ದುಡಿದ ಕೂಲಿಯವನ ಕುಟುಂಬವನ್ನೂ ಬಾಧಿತ ಕುಟುಂಬವೆಂದು ಎಣಿಸುತ್ತದೆ. ಅಂದರೆ ಭೂಮಿಯ ಮೇಲೆ ಬೆವರು ಸುರಿಸಿದವನಿಗೂ ಒಂದು ಬಾಧ್ಯತೆಯುಂಟೆಂದು ಲೋಕದ ಕಾಯಿದೆಯೇ ನಿಧಾನವಾಗಿ ಒಪ್ಪಿಕೊಂಡಿದೆ. ಸಭೆಯು ಕಾಯಿದೆಗಿಂತ ಹಿಂದೆ ಬೀಳಬಹುದೋ?

ಬೇಲಿಯಿಲ್ಲದ ನೆಲವು ಯಾರದೂ ಅಲ್ಲವೆಂಬ ವಿಂತ್ರಪನ ವಾದವೂ ನಮ್ಮಲ್ಲಿ ಬೇರೆ ವೇಷದಲ್ಲಿ ನಡೆದಾಡುತ್ತದೆ. ಗೋಮಾಳ, ಗುಂಡುತೋಪು, ಖರಾಬು, ಕೆರೆಯಂಗಳ, ಇವು ಕಾಗದದಲ್ಲಿ ಒಬ್ಬನ ಹೆಸರಿನಲ್ಲಿ ಇರುವದಿಲ್ಲ. ಆದರೆ ಒಂದು ಮೇಕೆಯನ್ನು ಸಾಕಿದ ವಿಧವೆಗೆ ಗೋಮಾಳವೇ ಹೊಲ. ಸೌದೆ ಆರಿಸುವವಳಿಗೆ ತೋಪೇ ತೋಟ. ಒಡೆಯನಿಲ್ಲದ ನೆಲವೆಂದು ಇವುಗಳನ್ನು ಕರೆಯುವವನು ಬಡವರನ್ನು ಮನುಷ್ಯರ ಲೆಕ್ಕದಿಂದ ತೆಗೆದಿಟ್ಟು ಮಾತಾಡುತ್ತಾನೆ. ಬಡಾವಣೆ ಬಂದಾಗ ಮೊದಲು ಕಾಣದೆ ಹೋಗುವದು ಇವೇ, ಯಾಕಂದರೆ ಇವುಗಳಿಗಾಗಿ ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋಗುವವನಿಲ್ಲ.

ಇನ್ನು ಮಾರುವವರಿಗೆ ಒಂದು ಮಾತು. ಸರಕಾರದಿಂದ ದರಖಾಸ್ತಿನಲ್ಲಿ ಪರಿಶಿಷ್ಟ ಜಾತಿಯವರಿಗೂ ಪಂಗಡದವರಿಗೂ ಸಿಕ್ಕಿದ ನೆಲವನ್ನು ಸರಕಾರದ ಅಪ್ಪಣೆಯಿಲ್ಲದೆ ಪರಭಾರೆ ಮಾಡಬಾರದೆಂದು ಕರ್ನಾಟಕದಲ್ಲಿ 1978ರಲ್ಲಿ ಕಾಯಿದೆಯಾಯಿತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಳಕೊಂಡ ನೆಲವನ್ನು ಮರಳಿ ಕೇಳುವದಕ್ಕೆ ಕಾಲದ ಮಿತಿಯಿಲ್ಲವೆಂದು 2023ರಲ್ಲಿ ತಿದ್ದುಪಡಿಯಾಯಿತು. ನಾಟಿಕಿನ ಕಟ್ಟಳೆಗೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರು ತಾವೇ ಕಾಣುವರು. ಅಲ್ಲಿ ಕಟ್ಟಳೆಯು ಸೋತದ್ದು ಅದನ್ನು ಯಾರೋ ಮುರಿದದ್ದರಿಂದಲ್ಲ, ಬಡತನವು ಪ್ರತಿ ಸಾರಿಯೂ ಅಪ್ಪಣೆಯನ್ನು ಬೇಡಿಸಿದ್ದರಿಂದ. ಮಗಳ ಮದುವೆಯ ಸಾಲಕ್ಕೂ ಆಸ್ಪತ್ರೆಯ ಸಾಲಕ್ಕೂ ಒಂದು ಎಕರೆ ಹೋಗುವಾಗ ಸಭೆಯ ಉಳಿತಾಯದ ಪೆಟ್ಟಿಗೆಯು ಎಲ್ಲಿತ್ತು? ಮದುವೆಯ ಚಪ್ಪರಕ್ಕೆ ಬಂದು ಉಂಡು ಹೋದವರು, ಆ ಚಪ್ಪರಕ್ಕಾಗಿ ಮಾರಿದ ಹೊಲವನ್ನೂ ಸ್ವಲ್ಪ ಉಂಡಿದ್ದಾರೆ. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು.

ಕೊಂಡವರಲ್ಲಿ ಒಬ್ಬನು ಹೀಗೆ ಹೇಳಬಹುದು: ನಾವು ಸಾಲಮಾಡಿ ಮೂವತ್ತು ನಲವತ್ತರ ಒಂದು ನಿವೇಶನವನ್ನು ಕೊಂಡೆವು, ಯಾರ ಹೊಲವನ್ನೂ ಕಿತ್ತುಕೊಳ್ಳಲಿಲ್ಲ, ನಮ್ಮ ಮೇಲೆ ಯಾವ ಋಣ? ಇದು ನ್ಯಾಯವಾದ ಮಾತು. ಅವನನ್ನು ಅಹಾಬನೆಂದು ಕರೆಯುವವನು ಅನ್ಯಾಯಗಾರನು. ನಾಬೋತನ ದ್ರಾಕ್ಷೇತೋಟವನ್ನು ಅಹಾಬನು ಕೊಂದು ತೆಗೆದುಕೊಂಡನು, ಇವನು ಕಂತು ಕಟ್ಟುತ್ತಾ ತೆಗೆದುಕೊಂಡಿದ್ದಾನೆ. ಆದರೆ ಋಣವೆಂಬದು ಅಪರಾಧದಿಂದ ಮಾತ್ರ ಹುಟ್ಟುವದಿಲ್ಲ. ತಂದೆತಾಯಿಗಳಿಗೆ ನಾವು ಯಾವ ಅಪರಾಧವನ್ನೂ ಮಾಡದೆಯೇ ಋಣಿಗಳಾಗಿದ್ದೇವೆ. ಹಾಗೆಯೇ, ಕುಡಿಯುವ ನೀರು ಯಾವ ಊರಿನ ಕೆರೆಯ ಸೆಲೆಯಿಂದ ಬರುವದೋ, ಮನೆ ಯಾವ ಊರಿನ ಹೊಲದ ಮೇಲೆ ನಿಂತಿರುವದೋ, ಆ ಊರಿಗೆ ನಾವು ಋಣಿಗಳು. ಆ ಋಣವನ್ನು ಹಣದಿಂದಲೇ ತೀರಿಸಬೇಕೆಂದು ನಾವು ಹೇಳುವದಿಲ್ಲ. ಹಳೆಯ ಊರಿನವರು ನಮ್ಮ ಬೀದಿಯಲ್ಲಿ ನಡೆದರೆ ಅನುಮಾನದಿಂದ ನೋಡದೆ ಇರುವದು, ಅವರ ಮಕ್ಕಳನ್ನು ನಮ್ಮ ಮಕ್ಕಳ ಸಂಗಡ ಭಾನುವಾರದ ಶಾಲೆಯಲ್ಲಿ ಕೂಡ್ರಿಸುವದು, ಹೊಲ ಹೋದ ಕೂಲಿಯವಳು ಮನೆಕೆಲಸಕ್ಕೆ ಬಂದರೆ ಅವಳ ಸಂಬಳವನ್ನು ಚೌಕಾಸಿಮಾಡುವ ಮುಂಚೆ ಅವಳು ಯಾರ ಹೊಲದಲ್ಲಿ ಕೆಲಸಮಾಡಿದ್ದಳೆಂದು ಕೇಳಿ ತಿಳಿಯುವದು, ಇವೂ ಸಲ್ಲಿಕೆಗಳೇ.

ಇವೆಲ್ಲಕ್ಕಿಂತ ಅವಸರವಾದದ್ದು ಸ್ಮಶಾನದ ವಿಷಯ. ಹಳ್ಳಿಯ ಕೇರಿಯವರಿಗೂ ನಮ್ಮ ಸಭೆಗಳಿಗೂ ಅನೇಕ ಕಡೆಗಳಲ್ಲಿ ಸಮಾಧಿಯ ಸ್ಥಳವು ರೂಢಿಯಿಂದ ಮಾತ್ರ ನಡೆದುಬಂದದ್ದು. ಪಹಣಿಯಲ್ಲಿ ಅದು ಖರಾಬೆಂದೋ ಇನ್ನೊಬ್ಬನ ಹೊಲದ ಮೂಲೆಯೆಂದೋ ಇರುವದು, ಅಲ್ಲಿಗೆ ಹೋಗುವ ದಾರಿಯಂತೂ ಬದುವಿನ ಮೇಲಿನ ಕಾಲುದಾರಿ. ಬಡಾವಣೆಯ ನಕ್ಷೆಯನ್ನು ಬರೆಯುವವನಿಗೆ ಆ ದಾರಿ ಕಾಣುವದಿಲ್ಲ. ಅವನು ದ್ವೇಷದಿಂದ ಅಳಿಸುವದಿಲ್ಲ, ಇದೆಯೆಂದು ಯಾರೂ ಹೇಳದೆ ಇರುವದರಿಂದ ಅಳಿಸುತ್ತಾನೆ. ಹೆಣವನ್ನು ಹೊತ್ತು ನಿಂತ ದಿನ ಗೋಡೆಯ ಮುಂದೆ ವಾದಿಸುವದರಿಂದ ಪ್ರಯೋಜನವಿಲ್ಲ. ಆದಕಾರಣ ತಮ್ಮ ಊರಿನ ಸುತ್ತ ಸ್ವಾಧೀನದ ಸುದ್ದಿ ಕೇಳಿದ ಕೂಡಲೇ ಸಭಾಪಾಲಕರೂ ಹಿರಿಯರೂ, ಕೇರಿಯ ಅನ್ಯಮತೀಯ ಹಿರಿಯರನ್ನೂ ಸಂಗಡ ಕರೆದುಕೊಂಡು, ಸಮಾಧಿಗಳಿರುವ ಸ್ಥಳವನ್ನೂ ಅದರ ದಾರಿಯನ್ನೂ ಅಳತೆಮಾಡಿಸಿ, ತಹಸೀಲ್ದಾರರ ಕಚೇರಿಯಲ್ಲಿ ಅರ್ಜಿಯನ್ನು ಕೊಟ್ಟು ಸ್ವೀಕೃತಿಯ ಚೀಟಿಯನ್ನು ಪಡೆದು ಸಭೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು. ಯಾವ ಮರದ ಕೆಳಗೆ ಯಾರನ್ನು ಇಟ್ಟಿದ್ದಾರೆಂಬದನ್ನು ಬಲ್ಲ ಮುದುಕರು ಇನ್ನೂ ಕೆಲವರು ಇದ್ದಾರೆ. ಅಳತೆಯ ದಿನ ಅವರನ್ನು ಗಾಡಿಯಲ್ಲಿ ಕೂಡ್ರಿಸಿಕೊಂಡಾದರೂ ಕರೆದುಕೊಂಡು ಹೋಗಬೇಕು. ನಕ್ಷೆಯು ಅಂತಿಮವಾಗುವದಕ್ಕೆ ಮುಂಚೆ ಹೋಗಬೇಕು.